ದೌಲತಬಿಯ ಬಾಗಿಲ ಮೇಲಿನ ಗಿಡ

ಮೇ 26, ಸೋಮವಾರ. ಬೆಳಿಗ್ಗೆ 6.10

ನಲವತ್ತಾರು ಕುಂಡ. ಎಲ್ಲ ಗಿಡದ ಎಲೆಗಳ ನಡುವಿನ ಬಟ್ಟಲಿಗೂ ನೀರು ಹಾಕಿಯಾಯಿತು. ಎರಡರಲ್ಲಿ ಸೊಳ್ಳೆಮರಿ — ಚೆಲ್ಲಿ, ತೊಳೆದು, ಮತ್ತೆ ತುಂಬಿದೆ. ಕೆಂಪು ಅಂಚಿನದು ಬಿಸಿಲಿಗೆ ಸುಟ್ಟಿದೆ. ನೆರಳಿಗೆ ಸರಿಸಿದೆ. ಕೋರ್ಟಿನ ಬೇಸಿಗೆ ರಜೆ ಮುಗಿಯಿತು. ಇವತ್ತಿನಿಂದ ಮತ್ತೆ ಹುನಗುಂದದ ಬಸ್ಸು, ಮತ್ತೆ ಟೈಪಿಂಗು, ಮತ್ತೆ ಸಾಕ್ಷಿಗಳ ಸುಳ್ಳು.

ಈ ಡೈರಿ ಹೊಸ ವರ್ಷಕ್ಕೆ ಪತ್ತಿನ ಸೊಸೈಟಿಯವರು ಕೊಟ್ಟಿದ್ದು. ಐದು ತಿಂಗಳು ಖಾಲಿ ಬಿದ್ದಿತ್ತು. ಶುಕ್ರವಾರ ಬಿಪಿ ನೋಡಿದ ಡಾಕ್ಟರು, ‘ಗುಳಿಗಿ ಅಷ್ಟ ಸಾಲಂಗಿಲ್ರಿ ಕಸ್ತೂರಿಬಾಯಾರ. ಸಿಟ್ಟು ಇಳೀಬೇಕು. ದಿನಾ ಒಂದು ಚಲೋ ಮಾತು ಬರೀರಿ, ಯಾರು ಏನು ಉಪಕಾರ ಮಾಡಿದ್ರು ಅಂತ’ ಅಂದರು. ಸಿಟ್ಟು ಬಂತು. ಆದರೂ ಬರೆಯುತ್ತಿದ್ದೇನೆ.

ಇವತ್ತಿನ ಉಪಕಾರ: ನವನಗರದಲ್ಲಿ ನಳಕ್ಕೆ ಹೊತ್ತಿಗೆ ಸರಿಯಾಗಿ ನೀರು ಬಂತು. ಸಾಕು.


ಮೇ 29, ಗುರುವಾರ. ಸಂಜೆ

ಕೋರ್ಟು ಬೇಗ ಬಿಟ್ಟಿತು. ವಕೀಲರಿಗೆ ಮುಂದಿನ ತಾರೀಖು, ನನಗೆ ಇಳಕಲ್ಲು. ಹೊಸ ಸೀರೆಯ ಸೆರಗಿಗೆ ಗೊಂಡೆ ಕಟ್ಟಿಸಲು ದೌಲತಬಿ ಆಯಿಯ ಹತ್ತಿರ ಹೋದೆ. ಎಪ್ಪತ್ತು ದಾಟಿದೆ, ಬೆರಳು ಮಾತ್ರ ಇನ್ನೂ ಹದಿನೆಂಟರದು. ಮಾತಾಡುತ್ತಲೇ ಎಳೆ ಬಿಡಿಸಿ ಗಂಟು ಹಾಕುತ್ತಾಳೆ, ನೋಡುವುದೂ ಇಲ್ಲ.

ಎಷ್ಟು ಸಲ ಹೋಗಿದ್ದೇನೆ ಆ ಮನೆಗೆ! ತಲೆ ಎತ್ತಿ ನೋಡಿರಲಿಲ್ಲ. ಇವತ್ತು ಬಾಗಿಲ ಚೌಕಟ್ಟು ಬದಲಿಸಲು ಬಡಿಗ ಅಳತೆ ತೆಗೆಯುತ್ತಿದ್ದ. ಅವನು ಏಣಿ ಏರಿ, ಮೇಲೆ ಕಟ್ಟಿದ್ದ ಗಿಡವನ್ನು ಬಿಚ್ಚಿ ನನ್ನ ಕೈಗೇ ಕೊಟ್ಟ. ದೃಷ್ಟಿಗೆಂದು ಎಲ್ಲರೂ ಬಾಗಿಲಿಗೆ ಲೋಳಸರ ಕಟ್ಟುತ್ತಾರಲ್ಲ, ತಲೆಕೆಳಗೆ — ಹಾಗೇ ಕಟ್ಟಿದ್ದರು. ಆದರೆ ಇದು ಲೋಳಸರವಲ್ಲ! ಬೂದಿ ಬಳಿದಂಥ ಎಲೆ, ಬುಡದಲ್ಲಿ ಅಗಲ, ತುದಿಗೆ ಸುರುಳಿ ಸುರುಳಿ. ಒಂದು ಎಲೆಯ ತುದಿ ಮುರಿದಿತ್ತು. ಲೋಳೆಯ ಹನಿಯೂ ಇಲ್ಲ. ನನ್ನ ಬಳಗದ್ದು. ಅನಾನಸಿನ ಬಳಗ. ಬ್ರೊಮೆಲಿಯಾಡ್!

‘ಆಯಿ, ಇದು ಎಲ್ಲೀದು?’

‘ರಾಜಮಹ್ಮದ ತಂದಾನ. ಕಲ್ಲು ಇಳಸಾಕ ಮಂಗಳೂರ ಬಂದರಕ್ಕ ಹೋಗಿದ್ದ. ಅಲ್ಲಿ ಯಾವುದೋ ಬಂಗ್ಲೆ ಕೆಡವ್ತಿದ್ರಂತ, ಗಿಡಾ ಎಲ್ಲಾ ಹೊರಗ ಒಗದಿದ್ರಂತ. ಪರದೇಶದ ಲೋಳಸರ ಅಂತ ತಂದಾ. ಕಟ್ಟಿದ್ವಿ. ಅವತ್ತಿಂದ ಇವತ್ತಿನ ಮಟ ಅವನ ಲಾರಿಗೆ ಒಂದು ಕೆರಚೂ ಆಗಿಲ್ಲ ನೋಡವ್ವಾ.’

ರಾಜಮಹ್ಮದ ಆಯಿಯ ಒಬ್ಬನೇ ಮಗ. ಇಳಕಲ್ಲಿನ ಕೆಂಪು ಕಲ್ಲು ಹೊತ್ತು ಘಟ್ಟ ಇಳಿಯುವ ಲಾರಿಯ ಡ್ರೈವರ್. ಅವನು ಹೊರಟಾಗಲೆಲ್ಲ ಆಯಿ ಒಮ್ಮೆ ಈ ಗಿಡವನ್ನು ನೋಡಿಯೇ ಒಳಗೆ ಹೋಗುತ್ತಾಳಂತೆ. ಕುಂಡವಿಲ್ಲ, ಮಣ್ಣಿಲ್ಲ, ವರ್ಷಗಟ್ಟಲೆ ತಲೆಕೆಳಗೆ. ಆದರೂ ಜೀವಂತ!

ಹೊಸ ಬಾಗಿಲು ಕೂಡುವವರೆಗೆ ಇದನ್ನು ಎಲ್ಲಿಡುವುದು ಎಂಬ ಮಾತು ಬಂತು. ನಾನೇ ಬಾಯಿಬಿಟ್ಟೆ — ‘ನನಗ ಕೊಡು ಆಯಿ, ನಾ ಜ್ವಾಕಿ ಮಾಡ್ತೇನಿ. ನಮ್ಮ ಮಾಳಗಿ ಮ್ಯಾಲೆ ಇದರ ಅಣ್ಣತಮ್ಮರು ನಲವತ್ತಾರು ಮಂದಿ ಅದಾರ.’

‘ಮೊಹರಂ ಆದ ಮ್ಯಾಲೆ ಹೊಸಾ ಬಾಗಲಕ್ಕ ಕಟ್ಟೂದೈತಿ. ಜೀವಂತ ತಂದು ಕೊಡಬೇಕು ಮತ್ತ. ನಿನ್ನ ಮ್ಯಾಲೆ ಭರೋಸಾ ಇಟ್ಟು ಕೊಡಾಕತ್ತೇನಿ. ಏನೂ ಮಾಡಬ್ಯಾಡ ಅದಕ್ಕ. ಶುಕ್ರವಾರಕ್ಕೊಮ್ಮೆ ನಾಕು ಹನಿ ನೀರು ಚಿಮುಕಸು, ಅಷ್ಟ.’

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಕಂಡಕ್ಟರ್ ‘ಇದಕ್ಕೂ ಟಿಕೆಟ್ ತಗೀಲೇನ್ರಿ ಅಕ್ಕಾರ’ ಅಂದ. ಸಿಟ್ಟು ಬರಲಿಲ್ಲ. ಇವತ್ತಿನ ಉಪಕಾರ ಆಯಿಯದು. ದೊಡ್ಡದು.


ಮೇ 30, ಶುಕ್ರವಾರ

ಏನೂ ಮಾಡಬೇಡ ಅಂದಳು ಆಯಿ. ಏನೂ ಮಾಡದೆ ಹೇಗಿರಲಿ? ಪಾಪದ ಗಿಡ, ಇಷ್ಟು ವರ್ಷ ತಲೆಕೆಳಗೆ ನೇತಾಡಿದೆ. ಇನ್ನಾದರೂ ನೆಟ್ಟಗೆ ನಿಲ್ಲಲಿ. ಎಂಟಿಂಚಿನ ಕುಂಡ, ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರಡು ಹಿಡಿ ಕೊಳೆತ ಸಗಣಿ ಗೊಬ್ಬರ. ಬೇರೇ ಇಲ್ಲದಷ್ಟು ಸಣ್ಣ ಬೇರು. ಬುಡ ಮುಳುಗುವ ಹಾಗೆ ನೆಟ್ಟೆ. ನಡುವಿನ ಬಟ್ಟಲಿಗೆ ನೀರು ತುಂಬಿದೆ, ಉಳಿದವಕ್ಕೆ ಹಾಕುವ ಹಾಗೇ. ನೋಡುತ್ತಿದ್ದಂತೆ ಬೂದಿ ಎಲೆ ಹಸಿರಿಗೆ ತಿರುಗಿತು. ಕಣ್ಣಲ್ಲಿ ನೀರು ಬಂತು.

ಫೋನಿನ ಆ್ಯಪಿಗೆ ಚಿತ್ರ ತೋರಿಸಿದೆ. ಮೊದಲು ಕತ್ತಾಳೆ ಅಂದಿತು. ಇನ್ನೊಂದು ಮಗ್ಗುಲಿನಿಂದ ತೆಗೆದೆ, ಲೋಳಸರ ಅಂದಿತು. ಮೂರನೆಯ ಸಲ ಅನಾನಸು. ಸಾಕ್ಷಿಗಳೂ ಇಷ್ಟು ಬೇಗ ಮಾತು ಬದಲಿಸುವುದಿಲ್ಲ. ನಲವತ್ತಾರಕ್ಕೂ ಹೆಸರಿನ ಚೀಟಿ ಇದೆ. ಇದಕ್ಕೆ ‘ಹೆಸರು ಗೊತ್ತಿಲ್ಲ. ದೌಲತಬಿ, ಇಳಕಲ್ಲು’ ಎಂದು ಬರೆದು ಸಿಕ್ಕಿಸಿದೆ.

ಶ್ರೀಶೈಲ ಬಾದಾಮಿಯ ಸಾಲಿಯಿಂದ ರೈಲಿಗೆ ಬಂದವರು ಮಾಳಿಗೆ ಹತ್ತಿ ನೋಡಿದರು. ‘ಗಂಡಗ ಚಹಾ ಇಲ್ಲ, ಗಿಡಕ್ಕ ಗೊಬ್ಬರ ಐತಿ’ ಅಂದರು. ಕೊಟ್ಟೆ ಚಹಾ.


ಜೂನ್ 4, ಬುಧವಾರ

ಹಸಿರು! ಹಸಿರೆಂದರೆ ಹಸಿರು! ದಿನಾ ಬಟ್ಟಲು ತುಂಬಿಸುತ್ತಿದ್ದೇನೆ. ಬೂದಿ ಬಣ್ಣದ ಗುರುತೇ ಇಲ್ಲ. ಆಯಿ ನೋಡಿದರೆ ಗುರುತೇ ಹಿಡಿಯಲಿಕ್ಕಿಲ್ಲ. ಮೊಹರಂ ಆದ ಮೇಲೆ ಕುಂಡದ ಸಮೇತ ಒಯ್ದು, ‘ನೋಡು ಆಯಿ, ಹಿಂಗ ಬೆಳಸಬೇಕು’ ಅನ್ನುತ್ತೇನೆ.

ಇವತ್ತು ಜಡ್ಜ್ ಸಾಹೇಬರು ಹೊಗಳಿದರು, ಹದಿನೆಂಟು ಪುಟದಲ್ಲಿ ಒಂದೂ ತಪ್ಪಿಲ್ಲ ಎಂದು. ಅದೂ ಉಪಕಾರವೇ.


ಜೂನ್ 15, ಭಾನುವಾರ. ಮಧ್ಯಾಹ್ನ

ಹತ್ತು ದಿನ ಬರೆಯಲಿಲ್ಲ. ಮಳೆ, ಬಸ್ಸು, ನೆಗಡಿ. ಬರೆಯಲಿಲ್ಲ ಅಷ್ಟೇ ಅಲ್ಲ, ಸರಿಯಾಗಿ ನೋಡಲೂ ಇಲ್ಲ.

ಬೆಳಿಗ್ಗೆ ಮಾಳಿಗೆ ಹತ್ತಿದೆ. ಕೊಳೆತ ಉಳ್ಳಾಗಡ್ಡಿಯ ವಾಸನೆ. ಎಲ್ಲಿಂದ ಎಂದು ಹುಡುಕಿದೆ. ನಡುವಿನ ಎಲೆ ಹಿಡಿದೆ — ಕೈಯಲ್ಲೇ ಬಂತು. ಅದರ ಪಕ್ಕದ್ದೂ ಬಂತು. ಬುಡ ಕಂದುಬಣ್ಣವಾಗಿ ಲೊಳಲೊಳ ಅನ್ನುತ್ತಿದೆ.

ಕೂತುಬಿಟ್ಟೆ. ಒದ್ದೆ ಗಚ್ಚಿನ ಮೇಲೇ.

ಇಷ್ಟು ವರ್ಷ ಗಾಳಿಯಲ್ಲಿ ನೇತಾಡಿ ಬದುಕಿದ್ದನ್ನು ಹದಿನಾರು ದಿನದಲ್ಲಿ ಕೊಂದೆನೇ? ಏನೂ ಮಾಡಬೇಡ ಅಂದಿದ್ದಳಲ್ಲ. ಅಷ್ಟೇ ಕೇಳಿದ್ದು ಅವಳು, ಏನೂ ಮಾಡಬೇಡ ಎಂದು! ನನಗೆ ಬಲ್ಲೆನೆಂಬ ಸೊಕ್ಕು. ನಲವತ್ತಾರು ಕುಂಡದ ಸೊಕ್ಕು.

ಶ್ರೀಶೈಲ ಬಂದು ಪಕ್ಕದಲ್ಲಿ ಕೂತರು. ಚೇಷ್ಟೆ ಮಾಡಲಿಲ್ಲ. ‘ನಾಳೆ ಕೋರ್ಟಿಗೆ ರಜಾ ಹಾಕು. ತೋಟಗಾರಿಕಿ ಯುನಿವರ್ಸಿಟಿ ನಮ್ಮ ಊರಾಗ ಐತಿ, ನಾವಿಲ್ಲಿ ಕುಂತು ಅಳಾಕತ್ತೇವಿ’ ಅಂದರು. ಬೈಯದೆ ಇದ್ದುದಕ್ಕೆ ಉಪಕಾರ. ಬೈದಿದ್ದರೆ ತಡೆಯುತ್ತಿರಲಿಲ್ಲ ನಾನು.


ಜೂನ್ 16, ಸೋಮವಾರ

ಯುನಿವರ್ಸಿಟಿ. ಗಿಡವನ್ನು ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ ಒಯ್ದೆ, ಜ್ವರದ ಕೂಸನ್ನು ದವಾಖಾನೆಗೆ ಒಯ್ದ ಹಾಗೆ. ಒಬ್ಬರು ಇನ್ನೊಬ್ಬರ ಕಡೆ ಕಳಿಸಿದರು, ಅವರು ಮತ್ತೊಬ್ಬರ ಕಡೆ. ಕೊನೆಗೆ ಐಶ್ವರ್ಯ ಎಂಬ ಹುಡುಗಿ. ಪಿಎಚ್‌ಡಿ ಮಾಡುತ್ತಿದ್ದಾಳೆ. ಊಟದ ಡಬ್ಬಿ ತೆರೆದಿದ್ದಳು.

‘ನಂದು ದಾಳಿಂಬ್ರಿ ರೀ ಮೇಡಂ. ದಾಳಿಂಬ್ರಿ ದುಂಡಾಣು ರೋಗ. ಇದು ನನಗ ಗೊತ್ತಾಗಂಗಿಲ್ರಿ’ ಅಂದಳು. ಅನ್ನುತ್ತಲೇ ಟವೆಲ್ ಸರಿಸಿದಳು. ಡಬ್ಬಿ ಮುಚ್ಚಿದಳು.

ಕೈಮಸೂರ ತಂದು ಒಂದು ಎಲೆಯನ್ನು ನೋಡಿದಳು. ನನಗೂ ತೋರಿಸಿದಳು. ಅಬ್ಬಾ! ಎಲೆಯ ಮೇಲೆಲ್ಲ ಸಣ್ಣ ಸಣ್ಣ ಬಿಳಿ ಹುರುಪೆ, ಮೀನಿನ ಮೈಯಂತೆ. ಆ ಹುರುಪೆಗಳೇ ಗಾಳಿಯ ತೇವ, ಮಂಜು, ಮಳೆಹನಿ ಎಲ್ಲ ಹೀರುತ್ತವಂತೆ. ಒಣಗಿದಾಗ ಬೂದಿ, ತೊಯ್ದಾಗ ಹಸಿರು.

‘ಹಂಗಾರ ನಾ ಹಸಿರು ಕಂಡು ಕುಣದಾಡಿದ್ದು...’

‘ಅದು ಒಣಗಾಕ ಟೈಮೇ ಸಿಕ್ಕಿಲ್ಲ ಅಂತ ಅರ್ಥರಿ.’ ಮೆಲ್ಲಗೆ ಹೇಳಿದಳು. ಆದರೂ ಚುಚ್ಚಿತು.

ಟಿಲಾಂಡ್ಸಿಯಾ ಕುಲವಂತೆ. ನನ್ನ ಗಿಡಗಳ ಬಳಗವೇ, ಆದರೆ ಬೇರೆ ಒಲೆ, ಬೇರೆ ಅಡುಗೆ. ಮಣ್ಣು ಬೇಡ, ಗೊಬ್ಬರ ಬೇಡ, ಬಟ್ಟಲಲ್ಲಿ ನೀರು ನಿಲ್ಲಲೇಬಾರದು. ಗಾಳಿಯಲ್ಲಿ ಬದುಕುವ ಗಿಡ. ‘ತೆಲಿ ಕೆಳಗ ಮಾಡಿ ಕಟ್ಟೋದು ಇದಕ್ಕ ಭಾಳ ಚಲೋರಿ, ನೀರು ನಿಲ್ಲಂಗಿಲ್ಲ. ಯಾರು ಕಟ್ಟಿದ್ರಿ ಹಂಗ?’

‘ಇಳಕಲ್ಲಿನ ಒಬ್ಬ ಮುದುಕಿ. ಲೋಳಸರ ಅಂತ ತಿಳದು.’

ಐಶ್ವರ್ಯ ಕೊಳೆತ ಎಲೆಗಳನ್ನೆಲ್ಲ ಬಿಡಿಸಿದಳು. ಕೊನೆಗೆ ಹೊರಗಿನ ಎಂಟೊಂಬತ್ತು ಎಲೆಯಷ್ಟೇ ಉಳಿದವು, ನಡು ಪೂರಾ ಖಾಲಿ. ‘ಗಿಡಾ ತೊಂಬತ್ತು ಪರ್ಸೆಂಟ್ ಹೋದಂಗರಿ’ ಅಂದಳು. ಹಾಗೆ ಅಂದವಳೇ ಕೆಳಗಿನ ಎಲೆಯ ಸಂದಿಗೆ ಬೆರಳು ಹಾಕಿ, ‘ಮೇಡಂ, ಇಲ್ಲಿ ನೋಡ್ರಿ!’ ಎಂದು ಚೀರಿದಳು. ಮರಿ. ಅಂಗೈಯಗಲದ ಮರಿ, ಗಟ್ಟಿಯಾಗಿದೆ. ಎಲೆಯ ಗೊಂಚಲೆಂದು ತಿಳಿದು ನಾನು ಕಂಡೇ ಇರಲಿಲ್ಲ. ಕೊಳೆ ತಾಗಬಾರದೆಂದು ಅದನ್ನು ಬಿಡಿಸಿ ಬೇರೆ ಮಾಡಿದಳು.

ಜಾತಿ ಯಾವುದು ಎಂದು ಕೇಳಿದೆ. ಎಲೆ ನೋಡಿ ಎರಡು ಹೆಸರು ಹೇಳಬಹುದು, ಯಾವುದೆಂದು ಪ್ರಮಾಣ ಮಾಡಿ ಹೇಳಲಿಕ್ಕೆ ಹೂವು ಬೇಕು ಅಂದಳು. ಅದು ಹೂ ಬಿಡಲು ಹತ್ತು ವರ್ಷ, ಹದಿನೈದು ವರ್ಷ.

ಅವಳ ಊಟ ಆರಿ ಹೋಗಿತ್ತು. ದಾಳಿಂಬ್ರಿ ಹುಡುಗಿ, ನಿನ್ನ ಹೊಟ್ಟೆ ತಣ್ಣಗಿರಲಿ.


ಜೂನ್ 18, ಬುಧವಾರ

ತಾಯಿಯನ್ನೂ ಮರಿಯನ್ನೂ ಮಾಳಿಗೆಯ ತಂತಿಗೆ ತಲೆಕೆಳಗೆ ಕಟ್ಟಿದ್ದೇನೆ. ನಲವತ್ತಾರೂ ನನ್ನನ್ನೇ ನೋಡುತ್ತಿವೆ ಅನ್ನಿಸುತ್ತದೆ.

ಮಧ್ಯಾಹ್ನ ಆಯಿಯ ಫೋನು. ‘ಹೆಂಗೈತಿ ನನ್ನ ಗಿಡಾ?’

‘ಚಲೋ ಐತಿ ಆಯಿ.’

ಬಾಯಿಂದ ಬಿದ್ದೇ ಹೋಯಿತು. ಇಪ್ಪತ್ತೆರಡು ವರ್ಷ, ಪ್ರಮಾಣ ಮಾಡಿ ಸುಳ್ಳು ಹೇಳುವವರ ಹೇಳಿಕೆ ಟೈಪು ಮಾಡಿದ್ದೇನೆ. ಮನಸ್ಸಿನಲ್ಲೇ ಥೂ ಅಂದಿದ್ದೇನೆ. ಇವತ್ತು ಪ್ರಮಾಣವೂ ಬೇಕಾಗಲಿಲ್ಲ.

‘ಆತಳವ್ವಾ’ ಅಂದು ಆಯಿ ಫೋನು ಇಟ್ಟಳು.

ಉಪಕಾರ ಬರೆಯುವ ಮೋರೆ ಇಲ್ಲ ಇವತ್ತು.


ಜೂನ್ 25, ಬುಧವಾರ. ಮಧ್ಯಾಹ್ನ 3.20, ಕೋರ್ಟಿನಲ್ಲೇ

ಟೈಪಿಂಗು ಬದಿಗಿಟ್ಟು ಡೈರಿ ತೆಗೆದಿದ್ದೇನೆ.

ಊಟದ ಹೊತ್ತಿಗೆ ಆಯಿಯ ಫೋನು ಬಂತು. ರಾಜಮಹ್ಮದ ಮೊನ್ನೆ ರಾತ್ರಿ ಕಲ್ಲು ಹೇರಿಕೊಂಡು ಹೋದವನು. ಘಟ್ಟದಲ್ಲಿ ಜೋರು ಮಳೆ, ಗುಡ್ಡ ಜರಿದಿದೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದಾರಂತೆ. ಅವನ ಫೋನು ನಿನ್ನೆಯಿಂದ ಹತ್ತುತ್ತಿಲ್ಲ.

‘ಕಸ್ತೂರವ್ವಾ, ಬಾಗಲದಾಗ ನೋಡಬೇಕಂದ್ರ ಗಿಡಾ ಇಲ್ಲ. ನೀ ನೋಡಿ ಹೇಳವ್ವಾ. ಹಸರ ಐತೇನು? ಜೀವಂತ ಐತೇನು? ಅಷ್ಟ ಹೇಳು ನನಗ.’

ಏನು ಹೇಳಲಿ? ಇಲ್ಲ ಅಂದರೆ ಆ ಮುದುಕಿ ಅಲ್ಲೇ ಕುಸಿಯುತ್ತಾಳೆ. ಹೌದು ಅಂದರೆ ಎರಡನೆಯ ಸುಳ್ಳು. ಗಿಡಕ್ಕೂ ಲಾರಿಗೂ ಏನೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಓದಿದವಳು. ಆದರೂ ಆ ಹೊತ್ತಿನಲ್ಲಿ ಒಂದೇ ಯೋಚನೆ — ನಾನು ಕೊಳೆಸಿದ್ದಕ್ಕೇ ಏನಾದರೂ ಆಯಿತೇ ಎಂದು. ಸುಳ್ಳೇಕೆ, ಹಾಗೇ ಅನ್ನಿಸಿತು.

ಬೆಳಿಗ್ಗೆ ಮರಿಯನ್ನು ನೋಡಿ ಬಂದಿದ್ದೆ. ಅದನ್ನೇ ಕಣ್ಣ ಮುಂದೆ ತಂದುಕೊಂಡು ಹೇಳಿದೆ, ‘ಜೀವಂತ ಐತಿ ಆಯಿ. ಗಟ್ಟಿ ಐತಿ.’

‘ಯಾ ಅಲ್ಲಾ, ನಿನ್ನ ಹೊಟ್ಟಿ ತಣ್ಣಗಿರಲವ್ವಾ’ ಅಂದಳು. ಅತ್ತಳು.

ಮರಿಯ ಮಾತು ಖರೆ. ಆದರೂ ಪೂರ್ತಿ ಖರೆಯಲ್ಲ. ಬಸವಣ್ಣಾ, ಆ ಹುಡುಗ ಒಂದು ಫೋನು ಮಾಡಲಿ. ಇನ್ನೇನೂ ಕೇಳುವುದಿಲ್ಲ. ಭಾನುವಾರ ಹೋಗಿ ಎಲ್ಲಾ ಹೇಳಿಬಿಡುತ್ತೇನೆ. ಎಲ್ಲಾ.


ಜೂನ್ 26, ಗುರುವಾರ. ಬೆಳಿಗ್ಗೆ 9.05, ಬಸ್ಸಿನಲ್ಲಿ

ಬಂತು! ಫೋನು ಬಂತು! ರಾಜಮಹ್ಮದನೇ ಮಾಡಿದ. ‘ಅಕ್ಕಾ, ಅವ್ವ ಹೇಳಂದ್ಳು ನಿಮಗ.’ ಗುಡ್ಡ ಜರಿದ ಜಾಗದಿಂದ ನಾಲ್ಕು ಕಿಲೋಮೀಟರ್ ಹಿಂದೆ, ಎಂಬತ್ತು ಲಾರಿಗಳ ಸಾಲಿನಲ್ಲಿ ನಿಂತಿದ್ದನಂತೆ. ಕರೆಂಟಿಲ್ಲ, ಸಿಗ್ನಲ್ಲಿಲ್ಲ, ಬಿಸ್ಕೀಟು ತಿಂದು ಎರಡು ದಿನ. ಆರಾಮ ಇದ್ದಾನೆ.

ಬಸ್ಸಿನಲ್ಲಿ ಎಲ್ಲರ ಎದುರಿಗೆ ಅತ್ತುಬಿಟ್ಟೆ. ಪಕ್ಕದ ಹೆಣ್ಣುಮಗಳು ‘ಯಾರರ ಹೋದ್ರೇನ್ರಿ?’ ಅಂದಳು. ‘ಇಲ್ರಿ, ಬಂದ್ರು’ ಅಂದೆ.

ಉಪಕಾರ, ಉಪಕಾರ, ಉಪಕಾರ. ಯಾರಿಗೆಂದು ಗೊತ್ತಿಲ್ಲ. ಎಲ್ಲರಿಗೂ.


ಜೂನ್ 29, ಭಾನುವಾರ. ಸಂಜೆ 7

ಹೋಗಿ ಬಂದೆ. ಕ್ರಮವಾಗಿ ಬರೆಯುತ್ತೇನೆ, ಮರೆಯಬಾರದು.

ಹೊಸ ಚೌಕಟ್ಟು ಕೂತಿದೆ. ಸಾಗವಾನಿ. ಮೇಲೆ ಖಾಲಿ ಮೊಳೆ ಒಂದು, ಗಿಡಕ್ಕೆಂದೇ ಹೊಡೆಸಿದ್ದು. ಆಯಿ ಪಡಸಾಲೆಯಲ್ಲಿ ಗೊಂಡೆ ಕಟ್ಟುತ್ತಿದ್ದಳು. ಚಹಾ ಬೇಡ ಅಂದೆ. ಬುಟ್ಟಿಯ ಟವೆಲ್ ತೆಗೆದೆ. ಒಂದು ಕಡೆ ಮರಿ, ಇನ್ನೊಂದು ಕಡೆ ನಡು ಖಾಲಿಯಾದ ತಾಯಿ.

‘ಆಯಿ, ನಾ ಕೊಳಸಿದೆ. ನೀ ಏನೂ ಮಾಡಬ್ಯಾಡ ಅಂದಿದ್ದಿ, ನಾ ಮಣ್ಣಾಗ ನೆಟ್ಟೆ. ಫೋನಿನ್ಯಾಗ ಚಲೋ ಐತಿ ಅಂದಿದ್ದು ಸುಳ್ಳು. ಮೊನ್ನೆ ಬುಧವಾರ ಜೀವಂತ ಐತಿ ಅಂದಿದ್ದು ಈ ಮರೀದು. ತಾಯೀದಲ್ಲ.’

ಒಂದೇ ಉಸಿರಿಗೆ ಹೇಳಿದೆ. ಆಯಿ ಗಂಟು ಹಾಕುವುದನ್ನು ನಿಲ್ಲಿಸಿದಳು. ಅವಳ ಬೆರಳು ನಿಂತದ್ದನ್ನು ಅದೇ ಮೊದಲು ನೋಡಿದ್ದು.

‘ನನಗ ಗೊತ್ತಿತ್ತಳ.’

‘ಆಂ?’

‘ಚಲೋ ಐತಿ ಅಂದೆಲ್ಲ ಅವತ್ತು, ಆ ದನಿ ಕೇಳೇ ಗೊತ್ತಾತು. ಇಷ್ಟು ವರ್ಷ ನನ್ನ ಕೂಡ ಮಾತಾಡೀದಿ, ಒಮ್ಮೆರ ಅಷ್ಟು ಸಣ್ಣಗ ಮಾತಾಡೀದೇನು? ನೀ ಮಾತಾಡಿದ್ರ ಓಣಿಗೆ ಕೇಳಸ್ತೈತಿ.’

‘ಗೊತ್ತಿದ್ದೂ ಬುಧವಾರ ಯಾಕ ಕೇಳಿದಿ ಆಯಿ?’

‘ಯಾರರ ಒಬ್ಬರು ಐತಿ ಅನ್ನಬೇಕಾಗಿತ್ತವ್ವಾ ನನಗ. ಮನ್ಯಾಗ ಒಬ್ಬಾಕಿ ಇದ್ದೆ. ನೀ ಐತಿ ಅಂದಿ. ಅವತ್ತು ನಿನ್ನ ದನಿ ಗಟ್ಟಿ ಇತ್ತು. ನಂಬಿದೆ.’

ಆಮೇಲೆ ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದು. ಹಳೆಯ ರೇಷ್ಮೆ ಚೂರಿನಲ್ಲಿ ಸುತ್ತಿದ ಏನನ್ನೋ ತಂದು ನನ್ನ ಮಡಿಲಿಗಿಟ್ಟಳು. ಬಿಚ್ಚಿದೆ. ಒಣಗಿದ ದಂಟು. ಕವಲು ಕವಲಾಗಿ, ಒತ್ತೊತ್ತಾಗಿ, ಗೋಧಿಯ ತೆನೆಯಂತೆ. ಕೆಲವು ಸಂದಿಗಳಲ್ಲಿ ಇನ್ನೂ ಬಾಡಿದ ಹೂ ಅಂಟಿಕೊಂಡಿದ್ದವು.

‘ಇದರ ಅವ್ವಂದು’ ಅಂದಳು. ‘ರಾಜಮಹ್ಮದ ತಂದ ಮೊದಲನೇ ಗಿಡಾ. ಬಾಗಲದಾಗ ಹೂ ಬಿಡ್ತು, ಕೆಂಪು ದಂಟು, ನೇರಳಿ ಹೂ. ಮಂದಿ ನೋಡಾಕ ಬರ್ತಿದ್ರು. ಹೂ ಆತು, ಗಿಡಾ ಸೊರಗಿ ಹೋತು. ನಾ ಅತ್ತೆ ಅವತ್ತು, ಮಗನ ಲಾರಿಗೆ ಏನಾಕ್ಕೈತೋ ಅಂತ. ಏನೂ ಆಗಲಿಲ್ಲ. ಬುಡದಾಗ ಮರಿ ಇತ್ತು. ಅದನ್ನ ಕಟ್ಟಿದೆ. ನೀ ಒಯ್ದದ್ದು ಆ ಮರಿ. ಹನ್ನೊಂದು ವರ್ಷ ಆತು. ಈಗ ಅದರದೊಂದು ಮರಿ ತಂದೀ. ಇದರಾಗ ಹೊಸಾದೇನೈತಿ? ಎದಕ್ಕ ಇಷ್ಟ ಅಳಾಕತ್ತೀ?’

ಆಯಿಯ ಕಾಲು ಮುಟ್ಟಿದೆ. ಬೇಡ ಬೇಡ ಎಂದು ಕಾಲು ಎಳೆದುಕೊಂಡಳು, ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಚಹಾ ಕುಡಿದೆ. ಎರಡು ಬಟ್ಟಲು.

ದಂಟನ್ನು ಕೇಳಿ ತಂದಿದ್ದೇನೆ, ಹೆಸರು ಹಿಡಿಯಲಿಕ್ಕೆ. ‘ಒಯ್ಯಿ. ಇದನ್ನರ ಮಣ್ಣಾಗ ನೆಡಬ್ಯಾಡ ಮತ್ತ’ ಅಂದಳು.


ಜುಲೈ 1, ಮಂಗಳವಾರ

ಸಂಜೆ ಐಶ್ವರ್ಯಳ ಹತ್ತಿರ. ಒಣ ಹೂವೊಂದನ್ನು ಬಿಸಿನೀರಿನ ಬಟ್ಟಲಲ್ಲಿ ಬಿಟ್ಟಳು. ಕಾದೆವು. ಹನ್ನೊಂದು ವರ್ಷ ಟ್ರಂಕಿನಲ್ಲಿದ್ದ ಹೂ ನಮ್ಮ ಕಣ್ಣ ಮುಂದೆ ಮೆತ್ತಗಾಗಿ ಮೈ ಬಿಟ್ಟಿತು. ಸೂಜಿಯಿಂದ ಬಿಡಿಸಿ ಕೈಮಸೂರದಲ್ಲಿ ನೋಡಿದಳು. ಎಸಳಿನ ಕೊಳವೆಯಿಂದ ಹೊರಗೆ ಚಾಚಿದ ಕೇಸರ. ದಂಟಿನ ಕವಲು ಎಣಿಸಿದಳು, ದಪ್ಪ ಅಳೆದಳು, ಪುಸ್ತಕದ ಚಿತ್ರಕ್ಕೆ ಹಿಡಿದಳು, ಚಿತ್ರ ತೆಗೆದು ಬೆಂಗಳೂರಿನ ತನ್ನ ಮೇಡಂಗೆ ಕಳಿಸಿದಳು. ನಾನು ಉಗುರು ಕಚ್ಚುತ್ತ ಕೂತಿದ್ದೆ, ತೀರ್ಪಿಗೆ ಕಾದ ಕಕ್ಷಿದಾರಳಂತೆ.

ಏಳೂಕಾಲಕ್ಕೆ ಉತ್ತರ ಬಂತು. ಟಿಲಾಂಡ್ಸಿಯಾ ಝೆರೊಗ್ರಾಫಿಕಾ. ಎರಡು ಹೆಸರಿನಲ್ಲಿ ಒಂದು ಬಿತ್ತು, ಒಂದು ನಿಂತಿತು.

ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಒಣ ಕಾಡಿನದು. ಅಲ್ಲಿ ಕಿತ್ತು ಕಿತ್ತು ಕಾಡಿನಲ್ಲಿ ಕಮ್ಮಿಯಾಗಿ, ಈಗ ಕಾಯ್ದೆಯ ಕಾವಲು ಇದೆಯಂತೆ. ಎಲ್ಲಿಯ ಮರದ ಟೊಂಗೆ, ಎಲ್ಲಿಯ ಇಳಕಲ್ಲಿನ ಬಾಗಿಲು!

‘ಮೇಡಂ, ಆ ಅಜ್ಜಿ ದಂಟು ಇಡಲಿಲ್ಲಂದ್ರ ನಮಗ ಇನ್ನೂ ಹತ್ತು ವರ್ಷ ಗೊತ್ತಾಗ್ತಿರಲಿಲ್ಲ ನೋಡ್ರಿ’ ಅಂದಳು ಐಶ್ವರ್ಯ. ಪುಸ್ತಕವಿಲ್ಲದೆ, ಕೈಮಸೂರವಿಲ್ಲದೆ ಆಯಿ ಎರಡು ತಲೆಮಾರು ಬೆಳೆಸಿದಳು. ಹೂವನ್ನೂ ಕಾಯ್ದಿಟ್ಟಳು. ನಾನು ಚೀಟಿ ಬರೆಯುವವಳು, ಅಷ್ಟೇ.

ಆಯಿಗೆ ಫೋನು ಮಾಡಿ ಹೆಸರು ಹೇಳಿದೆ. ಮೂರು ಸಲ ಹೇಳಿಸಿಕೊಂಡಳು. ‘ಭಾಳ ಉದ್ದ ಆತಲ್ಲವ್ವಾ. ನಾ ಗಿಡಾ ಅಂತನ ಕರೀತೇನಿ’ ಅಂದಳು.


ಜುಲೈ 8, ಮಂಗಳವಾರ

ಮೊಹರಂ ಮುಗಿಯಿತು. ರಾಜಮಹ್ಮದ ಮನೆಯಲ್ಲೇ ಇದ್ದ. ಏಣಿ ಹಿಡಿದ. ಆಯಿ ಗೊಂಡೆಯ ಕೆಂಪು ರೇಷ್ಮೆ ಎಳೆಯನ್ನು ನಾಲ್ಕು ಮಡಿಕೆ ಹೊಸೆದು ನನ್ನ ಕೈಗೆ ಕೊಟ್ಟಳು. ‘ನೀನ ಕಟ್ಟು’ ಅಂದಳು.

‘ನಾನಾ? ನಾ ಕೊಳಸಿದಾಕಿ.’

‘ಅದಕ್ಕ. ಕೊಳಸಿದಾಕಿಗೆ ಈಗ ಜ್ವಾಕಿ ಗೊತ್ತಾಗಿರತೈತಿ.’

ಏಣಿ ಹತ್ತಿ ಮರಿಯನ್ನು ಕಟ್ಟಿದೆ. ತಲೆಕೆಳಗೆ. ಸಣ್ಣದು, ಹೊಸ ಬಾಗಿಲಿಗೆ ಗುಬ್ಬಿಯಷ್ಟು ಕಾಣುತ್ತದೆ. ರಾಜಮಹ್ಮದ ಕೆಳಗಿಂದ ನೋಡಿ, ‘ಇಷ್ಟು ಸಣ್ಣಾದು ನನ್ನ ಹದಿನಾರು ಗಾಲಿ ಲಾರಿ ಕಾಯ್ತೈತೇನ್ರಿ ಅಕ್ಕಾ?’ ಎಂದು ನಕ್ಕ. ‘ಸುಮ್ಮನಿರಲೇ’ ಎಂದು ಆಯಿ ಗದರಿದಳು.

ಖಾಲಿಯಾದ ತಾಯಿಯನ್ನು ಏನು ಮಾಡಲಿ ಎಂದು ಕೇಳಿದೆ. ‘ಒಗೀಬ್ಯಾಡ. ನಿನ್ನ ಬಾಗಲಕ್ಕ ಕಟ್ಟಿಕೋ’ ಅಂದಳು. ‘ನಿನ್ನ ಗಂಡಾನೂ ದಿನಾ ಬಾದಾಮಿಗೆ ಹೋಗಿ ಬರತಾನಲ್ಲ.’

ಕಟ್ಟಿದ್ದೇನೆ. ಶ್ರೀಶೈಲ ತಲೆ ಬಗ್ಗಿಸಿ ದಾಟಿದರು. ಚೀಟಿ ಬದಲಿಸಿದೆ: ‘ಟಿಲಾಂಡ್ಸಿಯಾ ಝೆರೊಗ್ರಾಫಿಕಾ. ಬೆಳೆಸಿದವರು: ದೌಲತಬಿ, ಇಳಕಲ್ಲು.’ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಏನೂ ಮಾಡಬೇಡ.’


ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 7.30

ಎರಡು ತಿಂಗಳು ಡೈರಿ ಮುಟ್ಟಿಲ್ಲ. ಬಿಪಿ ಇಳಿದಿದೆ. ‘ಬರದ್ರೇನ್ರಿ?’ ಎಂದು ಡಾಕ್ಟರು ಕೇಳಿದರು. ‘ಬರದೆ, ಬಿಟ್ಟೆ. ಈಗ ಬಾಯಲೇ ಹೇಳ್ತೇನಿ’ ಅಂದೆ. ಖರೆ. ನಿನ್ನೆ ಕಂಡಕ್ಟರನಿಗೂ ‘ಉಪಕಾರ ಆತಪಾ’ ಎಂದು ಹೇಳಿದೆ. ಅವನು ಗಾಬರಿಯಾದ.

ಇವತ್ತು ಬರೆಯುವುದಕ್ಕೆ ಕಾರಣವಿದೆ. ಶುಕ್ರವಾರದ ನಾಲ್ಕು ಹನಿ ನೀರನ್ನು ಎರಡು ದಿನದ ಗದ್ದಲದಲ್ಲಿ ಮರೆತಿದ್ದೆ. ಈಗ ಹೋಗಿ ಬಾಗಿಲಲ್ಲಿ ಸ್ಟೂಲು ಹಾಕಿ ಹತ್ತಿದೆ. ತಾಯಿಯ ಹೊರ ಎಲೆ ಎಂಟೂ ಹಾಗೇ ಇವೆ, ಬೂದಿ ಬಣ್ಣ, ಗಟ್ಟಿ. ಸತ್ತಿದ್ದರೆ ಇಷ್ಟು ದಿನಕ್ಕೆ ಒಣಗಿ ಉದುರಬೇಕಿತ್ತಲ್ಲ? ಎಲೆಯ ಸಂದಿಗೆ ಬೆರಳು ಹಾಕಿದೆ, ಐಶ್ವರ್ಯ ಹಾಕಿದ ಹಾಗೆ. ಏನೋ ತಾಗಿತು. ಗಟ್ಟಿ. ಚೂಪು.

ಕನ್ನಡಕ ಹಾಕಿಕೊಂಡು ಮತ್ತೆ ಹತ್ತಿದೆ. ಒಂದಲ್ಲ. ಎರಡು! ಉಗುರಿನಷ್ಟು ಎರಡು ಮರಿ, ಬೆಳ್ಳಗೆ. ಒಂದು ಐಶ್ವರ್ಯಳಿಗೆ, ಊಟ ಆರಿಸಿದ್ದಕ್ಕೆ. ಒಂದು ನನ್ನ ಬಾಗಿಲಿಗೇ ಇರಲಿ. ಶ್ರೀಶೈಲರನ್ನು ಕೂಗಿದೆ. ಬನಿಯನ್ನಿನಲ್ಲೇ ಓಡಿ ಬಂದರು, ನಾನು ಬಿದ್ದೆನೆಂದು ತಿಳಿದು. ಸ್ಟೂಲು ಹಿಡಿದು ನಿಂತರು. ‘ನಾನೂ ನೋಡ್ತೇನಿ ಇಳಿ’ ಎಂದರು. ಇಳಿದೆ. ಇಬ್ಬರೂ ಪಾಳಿಯ ಮೇಲೆ ಹತ್ತಿ ಹತ್ತಿ ನೋಡಿದೆವು, ಓಣಿಯವರು ನಗುವ ಹಾಗೆ.

ಇವತ್ತಿನ ಉಪಕಾರ ಬರೆಯಬೇಕು. ಯಾರ್‍ಯಾರದೆಂದು ಬರೆಯಲಿ? ಮೊದಲು ಆಯಿಗೆ ಹೇಳಬೇಕು — ಫೋನು ಎಲ್ಲಿ ಎಂದು ನೋಡುವಷ್ಟರಲ್ಲಿ ಅದೇ ಬಡಿಯುತ್ತಿದೆ. ಆಯಿಯದೇ. ಹೆಂಗೈತಿ ಗಿಡಾ ಅಂತ ಕೇಳುತ್ತಾಳೆ. ಕೇಳಲಿ. ಈ ಸಲ ಓಣಿಗೆಲ್ಲ ಕೇಳಿಸುವ ಹಾಗೆ ಹೇಳುತ್ತೇನೆ.